ಘೋಷಣೆಯಿಂದ ವರದಿಗೆ: ಪರಿಸರದ ಯುವ ವರದಿಗಾರರ ಮೂರು ದಶಕಗಳು

ಇಂದು ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿರುವ ‘ಪರಿಸರದ ಯುವ ವರದಿಗಾರರು’ ಎಂಬ ಕಾರ್ಯಕ್ರಮವು 1994ರಲ್ಲಿ ಯುರೋಪಿನಲ್ಲಿ ಆರಂಭವಾದಾಗ ಅದು ಶಾಲೆಗಳ ಮುಂದಿಟ್ಟ ಬೇಡಿಕೆ ಕೇಳಲು ಸರಳವಾಗಿದ್ದರೂ ಆಚರಣೆಯಲ್ಲಿ ಅಪರೂಪದ್ದಾಗಿತ್ತು: ವಿದ್ಯಾರ್ಥಿಗಳು ಪರಿಸರವನ್ನು ಕುರಿತು ಪ್ರಬಂಧ ಬರೆಯುವುದನ್ನು ಬಿಟ್ಟು, ತಮ್ಮ ಊರಿನ ಒಂದು ಸಮಸ್ಯೆಯನ್ನು ಪತ್ರಕರ್ತರಂತೆ ಶೋಧಿಸಿ, ಊರಿನವರು ಓದುವ ಅಥವಾ ನೋಡುವ ಕಡೆ ಅದನ್ನು ಪ್ರಕಟಿಸಬೇಕು. ಕಾರ್ಯಕ್ರಮವನ್ನು ಹುಟ್ಟುಹಾಕಿದ ಪರಿಸರ ಶಿಕ್ಷಣ ಪ್ರತಿಷ್ಠಾನವು 1981ರಲ್ಲಿ ಸ್ಥಾಪನೆಯಾದ ಸಂಸ್ಥೆಯಾಗಿದ್ದು, ಮೊದಲ ಎರಡು ದಶಕಗಳ ಕಾಲ ಅದರ ಹೆಸರಿನಲ್ಲಿಯೇ ಯುರೋಪ್ ಸೇರಿಕೊಂಡಿತ್ತು. 2001ರಲ್ಲಿ ದಕ್ಷಿಣ ಆಫ್ರಿಕ ಸದಸ್ಯತ್ವ ಪಡೆದು ಸಂಸ್ಥೆ ಖಂಡದ ಗಡಿ ದಾಟಿದ ಮೇಲೆ ಆ ವಿಶೇಷಣವನ್ನು ಕೈಬಿಡಲಾಯಿತು. ಕರ್ನಾಟಕದ ಕರಾವಳಿಗೆ ಈ ಪ್ರತಿಷ್ಠಾನ ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಕಡಲತೀರಗಳ ಸ್ವಚ್ಛತೆ ಮತ್ತು ಸುರಕ್ಷತೆಗೆ ಅದು ನೀಡುವ ‘ನೀಲಿ ಬಾವುಟ’ದ ಮಾನ್ಯತೆಯು 2020ರಲ್ಲಿ ಭಾರತದ ಎಂಟು ತೀರಗಳಿಗೆ ದೊರೆತಾಗ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಅವುಗಳಲ್ಲಿ ಸೇರಿದ್ದವು. ಬಾವುಟದ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದರೂ ಅದೇ ಸಂಸ್ಥೆ ಶಾಲಾಮಕ್ಕಳ ಕೈಗೆ ಟಿಪ್ಪಣಿ ಪುಸ್ತಕ ಕೊಟ್ಟು ಕಳಿಸುತ್ತಿದೆ ಎಂಬುದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ.

ಈ ಪ್ರಯೋಗದ ಹಿನ್ನೆಲೆಯನ್ನು ತಿಳಿಯಬೇಕಾದರೆ 1977ರ ಅಕ್ಟೋಬರ್ ತಿಂಗಳಿನಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ ಯುನೆಸ್ಕೊ ಹಾಗೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಒಟ್ಟಾಗಿ ನಡೆಸಿದ ಸಮ್ಮೇಳನದತ್ತ ನೋಡಬೇಕಾಗುತ್ತದೆ. ಸರ್ಕಾರಗಳ ಪ್ರತಿನಿಧಿಗಳು ಸೇರಿದ್ದ ಆ ಸಮ್ಮೇಳನವು ಪರಿಸರ ಶಿಕ್ಷಣದ ಗುರಿಗಳನ್ನು ಅರಿವು, ಜ್ಞಾನ, ಮನೋಧರ್ಮ, ಕೌಶಲ ಮತ್ತು ಪಾಲ್ಗೊಳ್ಳುವಿಕೆ ಎಂದು ಐದಾಗಿ ಗುರುತಿಸಿತು. ಈ ಐದರಲ್ಲಿ ಅರಿವು ಮೊದಲ ಮೆಟ್ಟಿಲು ಮಾತ್ರ ಎಂಬುದು ದಾಖಲೆಯ ಆಶಯವಾಗಿದ್ದರೂ ಮುಂದಿನ ವರ್ಷಗಳಲ್ಲಿ ಬಹುಪಾಲು ಶಾಲೆಗಳು ಆ ಮೆಟ್ಟಿಲಿನ ಮೇಲೆಯೇ ನಿಂತುಬಿಟ್ಟವು. ಜೂನ್ 5ರಂದು ಸಸಿ ನೆಡುವುದು, ಭಿತ್ತಿಚಿತ್ರ ಸ್ಪರ್ಧೆ, ಘೋಷಣೆಗಳನ್ನು ಕೂಗುತ್ತ ಹೊರಡುವ ಪ್ರಭಾತಫೇರಿ, ಪ್ರಬಂಧಕ್ಕೆ ಬಹುಮಾನ – ಇವೆಲ್ಲ ಅರಿವು ಮೂಡಿಸುವ ಕಾರ್ಯಕ್ರಮಗಳೆಂದೇ ವರದಿಯಾಗುತ್ತಿದ್ದವು, ಈಗಲೂ ಆಗುತ್ತಿವೆ. ಇವುಗಳಲ್ಲಿ ಮಗು ಈಗಾಗಲೇ ಗೊತ್ತಿರುವ ತೀರ್ಮಾನವೊಂದನ್ನು ಸುಂದರವಾಗಿ ಮರುನುಡಿಯುತ್ತದೆಯೇ ಹೊರತು ಯಾವುದನ್ನೂ ಕಂಡುಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕೆಟ್ಟದ್ದು, ಮರ ಒಳ್ಳೆಯದು ಎಂದು ಬರೆಯಲು ಮನೆಯಿಂದ ಹೊರಗೆ ಕಾಲಿಡಬೇಕಾದ ಅಗತ್ಯವೇ ಇಲ್ಲ. ಆದರೆ ತಮ್ಮ ಬೀದಿಯ ಪ್ಲಾಸ್ಟಿಕ್ ವಾರದ ಯಾವ ದಿನ, ಯಾರ ವಾಹನದಲ್ಲಿ, ಎಲ್ಲಿಗೆ ಹೋಗುತ್ತದೆ ಎಂದು ಬರೆಯಬೇಕಾದ ವಿದ್ಯಾರ್ಥಿ ಕನಿಷ್ಠ ಪಕ್ಷ ಪೌರಕಾರ್ಮಿಕರೊಬ್ಬರನ್ನು ಮಾತನಾಡಿಸಲೇಬೇಕು. ಯುವ ವರದಿಗಾರರ ಕಾರ್ಯಕ್ರಮದ ಹೊಸತನವಿರುವುದು ಈ ವ್ಯತ್ಯಾಸದಲ್ಲಿಯೇ.

ಕಾರ್ಯಕ್ರಮದ ನಿಯಮಗಳು 11ರಿಂದ 25 ವರ್ಷದವರೆಗಿನವರನ್ನು ವಯಸ್ಸಿಗನುಗುಣವಾಗಿ ಮೂರು ಗುಂಪುಗಳಾಗಿ ವಿಂಗಡಿಸುತ್ತವೆ. ಲೇಖನ, ಛಾಯಾಚಿತ್ರ, ವಿಡಿಯೊ ಎಂಬ ಮೂರು ಪ್ರಕಾರಗಳಲ್ಲಿ ಲೇಖನವು ಸಾವಿರ ಪದಗಳನ್ನೂ ವಿಡಿಯೊ ಮೂರು ನಿಮಿಷಗಳನ್ನೂ ಮೀರುವಂತಿಲ್ಲ ಎಂಬುದು ಬಹುಕಾಲದಿಂದ ನಡೆದುಬಂದಿರುವ ಕಟ್ಟುಪಾಡು. ಇದಕ್ಕಿಂತ ಮುಖ್ಯವಾದದ್ದು ಕೆಲಸದ ಕ್ರಮ. ವಿದ್ಯಾರ್ಥಿಗಳು ಮೊದಲು ಸ್ಥಳೀಯ ಸಮಸ್ಯೆಯೊಂದನ್ನು ತನಿಖೆ ಮಾಡುತ್ತಾರೆ. ಬಳಿಕ ಅದಕ್ಕೆ ಇರಬಹುದಾದ ಪರಿಹಾರಗಳನ್ನು ಹುಡುಕುತ್ತಾರೆ, ಅನಂತರ ತಮಗೆ ಬೇಕಾದ ಓದುಗರನ್ನು ಗುರುತಿಸಿಕೊಂಡು ವರದಿ ಸಿದ್ಧಪಡಿಸುತ್ತಾರೆ, ಕೊನೆಯಲ್ಲಿ ಅದನ್ನು ಆ ಓದುಗರಿಗೆ ತಲುಪಿಸುತ್ತಾರೆ. ಈ ನಾಲ್ಕು ಹಂತಗಳಲ್ಲಿ ಎರಡನೆಯದು ಸಾಮಾನ್ಯ ಪತ್ರಿಕೋದ್ಯಮದಲ್ಲಿ ಕಡ್ಡಾಯವಲ್ಲ. ಸಮಸ್ಯೆಯನ್ನು ಬಯಲಿಗೆಳೆದರೆ ವರದಿಗಾರನ ಕೆಲಸ ಮುಗಿಯಿತೆಂದೇ ಬಗೆಯುವ ಪರಂಪರೆ ಅಲ್ಲಿದೆ. ಹದಿಹರೆಯದವರು ಪರಿಸರದ ಕೆಟ್ಟ ಸುದ್ದಿಗಳಷ್ಟನ್ನೇ ಅಗೆಯುತ್ತ ಹೋದರೆ ಕೈಚೆಲ್ಲಿ ಕೂರುವ ಅಪಾಯವಿದೆ ಎಂಬುದು ಶಿಕ್ಷಣತಜ್ಞರು ಆಗಾಗ ಹೇಳುವ ಮಾತಾಗಿದ್ದು, ಈ ಹಂತಕ್ಕೆ ಅದು ತಕ್ಕ ಸಮರ್ಥನೆಯಾಗಿದೆ. ನಾಲ್ಕನೆಯ ಹಂತವಾದ ತಲುಪಿಸುವಿಕೆ ಎಲ್ಲಕ್ಕಿಂತ ಕಷ್ಟದ್ದು. ಅದರ ಚರ್ಚೆ ಮುಂದೆ ಬರುತ್ತದೆ.

ಕ್ರಮವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಇಟ್ಟುಕೊಂಡು ವಿವರಿಸಬಹುದು. 2015ರಿಂದ 2018ರವರೆಗಿನ ವರ್ಷಗಳಲ್ಲಿ ಈ ಕೆರೆಯ ನೊರೆ ರಸ್ತೆಗೆ ಹಾರಿದ್ದೂ ಕೆರೆಯಂಗಳಕ್ಕೆ ಬೆಂಕಿ ಬಿದ್ದದ್ದೂ ದೇಶದಾಚೆಗೂ ಸುದ್ದಿಯಾದವು. ಭಿತ್ತಿಚಿತ್ರ ಬರೆಯುವ ವಿದ್ಯಾರ್ಥಿಗೆ ಬಿಳಿಯ ನೊರೆಯ ಬೆಟ್ಟವೇ ಸಾಕು. ವರದಿ ಬರೆಯುವವನಿಗೆ ನೊರೆ ಕೆರೆಯ ನಡುವೆ ಏಳದೆ ಕೋಡಿಯ ಬಳಿಯಲ್ಲಿ ಏಳುವುದೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ರಾಜಕಾಲುವೆಗಳ ಮೂಲಕ ಬರುವ ಸಂಸ್ಕರಿಸದ ಕೊಳಚೆಯಲ್ಲಿ ಬಟ್ಟೆ ಮತ್ತು ಪಾತ್ರೆ ತೊಳೆಯುವ ಮಾರ್ಜಕಗಳ ಅಂಶವಿರುತ್ತದೆ, ಆ ನೀರು ಕೋಡಿಯಲ್ಲಿ ಎತ್ತರದಿಂದ ಧುಮುಕುವಾಗ ಗಾಳಿಯೊಂದಿಗೆ ಕಡೆದಂತಾಗಿ ಬುರುಗು ಏಳುತ್ತದೆ ಎಂಬುದು ತಿಳಿದ ಕೂಡಲೇ ತನಿಖೆಯ ದಿಕ್ಕು ಕೆರೆಯಿಂದ ಮನೆಗಳ ಬಚ್ಚಲಿಗೂ ಕೊಳಚೆ ಸಂಸ್ಕರಣ ಘಟಕಗಳಿಗೂ ಹೊರಳುತ್ತದೆ. ಆಗ ಅವನಿಗೆ ದಾಖಲೆ ಬೇಕಾಗುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ನಗರದ ಕೆರೆಗಳ ನೀರನ್ನು ಪರೀಕ್ಷಿಸಿ ‘ಎ’ಯಿಂದ ‘ಇ’ವರೆಗಿನ ವರ್ಗಗಳಲ್ಲಿ ಇಡುತ್ತದೆ. ಸೋಂಕು ನಿವಾರಿಸಿ ಕುಡಿಯಬಹುದಾದ ನೀರು ‘ಎ’ ವರ್ಗಕ್ಕೆ ಸೇರಿದರೆ, ಮೀನು ಮತ್ತು ವನ್ಯಜೀವಿಗಳಿಗೆ ಸಾಕೆನಿಸುವ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ‘ಇ’ ವರ್ಗದ್ದು ನೀರಾವರಿಗೋ ಕೈಗಾರಿಕೆಗಳ ತಂಪುಕಾರ್ಯಕ್ಕೋ ಮಾತ್ರ ಬಳಸತಕ್ಕದ್ದು. ಈ ಕೋಷ್ಟಕವನ್ನು ಓದಲು ಕಲಿತ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ ‘ಕೆರೆ ಹಾಳಾಗಿದೆ’ ಎಂದು ಬರೆಯುವುದಿಲ್ಲ. ಯಾವ ತಿಂಗಳಲ್ಲಿ ಯಾವ ವರ್ಗದಿಂದ ಯಾವ ವರ್ಗಕ್ಕೆ ಇಳಿಯಿತು ಎಂದು ಬರೆಯುತ್ತಾಳೆ. ನೀರಿನ ರಸಾಯನಶಾಸ್ತ್ರ, ಸಾರ್ವಜನಿಕ ದಾಖಲೆಯನ್ನು ಹುಡುಕುವ ಬಗೆ, ಹೇಳಿಕೆಯನ್ನೂ ಪುರಾವೆಯನ್ನೂ ಬೇರೆಬೇರೆಯಾಗಿ ಇಡುವ ಶಿಸ್ತು ಇವೆಲ್ಲ ಒಂದೇ ಬಾರಿಗೆ ಅವಳಿಗೆ ದಕ್ಕುತ್ತವೆ. ಅರಿವು ಮೂಡುವುದು ಮೊದಲು ವರದಿಗಾರರಲ್ಲಿ, ಆಮೇಲೆ ಓದುಗರಲ್ಲಿ ಎಂಬ ಸಂಗತಿಯನ್ನು ಈ ಕಾರ್ಯಕ್ರಮದ ಚರಿತ್ರೆ ಮತ್ತೆಮತ್ತೆ ತೋರಿಸುತ್ತದೆ.

ಪ್ರಶ್ನೆ ಕೇಳುವ ಅಧಿಕಾರ ಮಕ್ಕಳಿಗೆ ಎಲ್ಲಿಂದ ಬಂತು ಎಂದು ಕೆಲವರು ಕೇಳಬಹುದು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ, 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 13ನೆಯ ವಿಧಿಯು ಮಾಹಿತಿಯನ್ನು ಹುಡುಕುವ, ಪಡೆಯುವ ಮತ್ತು ಹಂಚುವ ಸ್ವಾತಂತ್ರ್ಯವನ್ನು ಮಗುವಿಗೆ ನೀಡುತ್ತದೆ. ಯುರೋಪಿನಲ್ಲಿ ಇದಕ್ಕೆ ಇನ್ನೊಂದು ಬಲವೂ ಸೇರಿತು. ಡೆನ್ಮಾರ್ಕಿನ ಆರ್‌ಹುಸ್ ನಗರದಲ್ಲಿ 1998ರಲ್ಲಿ ಅಂಗೀಕಾರವಾದ ಒಪ್ಪಂದವು ಪರಿಸರದ ಮಾಹಿತಿ ಪಡೆಯುವುದನ್ನೂ ತೀರ್ಮಾನಗಳಲ್ಲಿ ಭಾಗವಹಿಸುವುದನ್ನೂ ನ್ಯಾಯ ಕೇಳುವುದನ್ನೂ ಸಾರ್ವಜನಿಕರ ಹಕ್ಕಾಗಿಸಿದ್ದರಿಂದ, ಅಲ್ಲಿನ ನಗರಸಭೆಗೆ ಪತ್ರ ಬರೆದ ವಿದ್ಯಾರ್ಥಿಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯವಾಯಿತು. ಭಾರತ ಆ ಒಪ್ಪಂದದ ಭಾಗವಲ್ಲ; ಇಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಆ ಕೆಲಸದ ಒಂದು ಭಾಗವನ್ನು ನಿರ್ವಹಿಸುತ್ತದೆ. ತೀರ ಈಚೆಗೆ, 2023ರಲ್ಲಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು ತನ್ನ 26ನೆಯ ಸಾಮಾನ್ಯ ಟಿಪ್ಪಣಿಯಲ್ಲಿ ಪರಿಸರವನ್ನು, ವಿಶೇಷವಾಗಿ ಹವಾಮಾನ ಬದಲಾವಣೆಯನ್ನು, ಮಕ್ಕಳ ಹಕ್ಕಿನ ವಿಷಯವೆಂದು ವಿಸ್ತರಿಸಿ ವಿವರಿಸಿದೆ.

ಭಾರತದಲ್ಲಿ ಪರಿಸರ ಶಿಕ್ಷಣವೂ ಮಾಧ್ಯಮವೂ ಒಂದೇ ಆದೇಶದೊಳಗೆ ಜೊತೆಯಾದದ್ದು ನ್ಯಾಯಾಲಯದ ಮೂಲಕ. ವಕೀಲ ಎಂ. ಸಿ. ಮೆಹ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ನೀಡಿದ ಆದೇಶವು ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿಸುವ ದಿಕ್ಕನ್ನು ತೋರಿತಲ್ಲದೆ, ಚಿತ್ರಮಂದಿರಗಳೂ ಟೂರಿಂಗ್ ಟಾಕೀಸುಗಳೂ ಪ್ರತಿ ಪ್ರದರ್ಶನದಲ್ಲಿ ಪರಿಸರ ಸಂದೇಶದ ಎರಡು ಸ್ಲೈಡುಗಳನ್ನಾದರೂ ಉಚಿತವಾಗಿ ತೋರಿಸಬೇಕೆಂದೂ ಆಕಾಶವಾಣಿ ಮತ್ತು ದೂರದರ್ಶನಗಳು ಈ ಬಗೆಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡಬೇಕೆಂದೂ ಸೂಚಿಸಿತು. ಹದಿನೈದಿಪ್ಪತ್ತು ವರ್ಷಗಳಲ್ಲಿ ಟೂರಿಂಗ್ ಟಾಕೀಸುಗಳು ಬಹುಮಟ್ಟಿಗೆ ಮರೆಯಾದವು. ಸ್ಲೈಡು ತೋರಿಸುವ ಯಂತ್ರವನ್ನು ಈಗಿನ ವಿದ್ಯಾರ್ಥಿ ಕಂಡಿರುವುದೂ ಅನುಮಾನ. ಆದರೂ ಆ ಆದೇಶದಲ್ಲಿ ಗಮನಿಸಬೇಕಾದದ್ದು ಅದರ ಗ್ರಹಿಕೆ: ಮಾಧ್ಯಮ ಮೇಲಿನಿಂದ ಕೆಳಗೆ ಸಂದೇಶ ಸುರಿಯುವ ಸಾಧನ, ಪ್ರಜೆಗಳೂ ಮಕ್ಕಳೂ ಅದನ್ನು ನೋಡುವವರು. ನೋಡುವವರೇ ತಯಾರಿಸುವವರೂ ಆಗಬಹುದೆಂಬ ಕಲ್ಪನೆ ಆದೇಶದಲ್ಲಿ ಇರಲಿಲ್ಲ. ಅಂದಿನ ತಂತ್ರಜ್ಞಾನದ ವೆಚ್ಚವನ್ನು ನೆನೆದರೆ ಇರಬೇಕಿತ್ತೆಂದು ಆಕ್ಷೇಪಿಸುವುದೂ ಸರಿಯಲ್ಲ.

ಆ ಕಲ್ಪನೆಗೆ ಇಲ್ಲಿ ನೆಲೆ ಒದಗಿಸಿದ ಮುಖ್ಯ ಸಂಸ್ಥೆ ಅಹಮದಾಬಾದಿನ ಪರಿಸರ ಶಿಕ್ಷಣ ಕೇಂದ್ರ. ಕೇಂದ್ರ ಪರಿಸರ ಸಚಿವಾಲಯದ ಉತ್ಕೃಷ್ಟತಾ ಕೇಂದ್ರವಾಗಿ 1984ರಲ್ಲಿ ಆರಂಭವಾದ, ಕಾರ್ತಿಕೇಯ ಸಾರಾಭಾಯಿ ಅವರು ಸ್ಥಾಪಕ ನಿರ್ದೇಶಕರಾಗಿ ಮುನ್ನಡೆಸಿದ ಈ ಸಂಸ್ಥೆಯು ದಕ್ಷಿಣದ ಕೆಲಸಗಳಿಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿಯನ್ನು ಹೊಂದಿದೆ. ಅದು ಶಿಕ್ಷಕರ ಕೈಪಿಡಿಗಳನ್ನು ತಯಾರಿಸುವುದರ ಜೊತೆಗೆ ಪತ್ರಿಕೆಗಳಿಗೆ ಪರಿಸರ ಲೇಖನಗಳನ್ನು ಒದಗಿಸುವ ಸುದ್ದಿ ಮತ್ತು ನುಡಿಚಿತ್ರಗಳ ಸೇವೆಯೊಂದನ್ನೂ ನಡೆಸಿತ್ತು. ಪತ್ರಿಕಾಲಯದ ಒಳಹೊರಗುಗಳನ್ನು ಬಲ್ಲ ಶಿಕ್ಷಣ ಸಂಸ್ಥೆಗಳು ವಿರಳವಾದ್ದರಿಂದ, ಪ್ರತಿಷ್ಠಾನದ ಭಾರತೀಯ ಸದಸ್ಯಸಂಸ್ಥೆಯಾಗಿ ಯುವ ವರದಿಗಾರರ ಕಾರ್ಯಕ್ರಮದ ಹೊಣೆ ಈ ಕೇಂದ್ರದ ಪಾಲಿಗೆ ಬಂದದ್ದು ಸಹಜವಾಗಿತ್ತು. ಟಿಬಿಲಿಸಿ ಸಮ್ಮೇಳನದ ಮೂವತ್ತನೆಯ ವರ್ಷವನ್ನು ನೆನೆಯುವ ಅಂತರರಾಷ್ಟ್ರೀಯ ಸಮಾವೇಶ 2007ರ ನವೆಂಬರಿನಲ್ಲಿ ನಡೆದದ್ದೂ ಅಹಮದಾಬಾದಿನಲ್ಲಿಯೇ. ಅಷ್ಟು ಹೊತ್ತಿಗೆ, 2001ರಿಂದ ಆರಂಭವಾದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ, ದೇಶದ ಪ್ರತಿ ಜಿಲ್ಲೆಯ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ತಲೆಯೆತ್ತಿದ್ದವು. ಕ್ಲಬ್ಬಿಗೆ ವರ್ಷಕ್ಕೆ ಸಿಗುತ್ತಿದ್ದ ಅನುದಾನ ಕೆಲವು ಸಾವಿರ ರೂಪಾಯಿಗಳನ್ನು ದಾಟುತ್ತಿರಲಿಲ್ಲ. ಸಸಿ, ಗುದ್ದಲಿ, ಬ್ಯಾನರ್ ಕೊಂಡ ಮೇಲೆ ಅದರಲ್ಲಿ ಉಳಿಯುವ ಹಣದಿಂದ ಮಾಡಬಹುದಾದ ಮಾಧ್ಯಮವೆಂದರೆ ಗೋಡೆಪತ್ರಿಕೆ ಒಂದೇ.

ಗೋಡೆಪತ್ರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಯುರೋಪಿನ ಕಾರ್ಯಕ್ರಮ ಇಲ್ಲಿಗೆ ಬರುವ ಮೊದಲೇ ಕರ್ನಾಟಕದಲ್ಲಿ ಎಳೆಯರ ಮಾಧ್ಯಮಕ್ಕೆ ತನ್ನದೇ ಆದ ಹಾದಿಯಿತ್ತು. ಕುಂದಾಪುರ ಪರಿಸರದಲ್ಲಿ ದುಡಿಯುವ ಮಕ್ಕಳ ಸಂಘಟನೆಯಾಗಿ ಬೆಳೆದ ಭೀಮ ಸಂಘದ ಮಕ್ಕಳಿಗೆ ‘ಭೀಮ ಪತ್ರಿಕೆ’ ಎಂಬ ಗೋಡೆಪತ್ರಿಕೆಯೇ ಮಾತಿನ ವೇದಿಕೆಯಾಗಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯು ವಿಜ್ಞಾನದ ವಿಷಯಗಳನ್ನು ಎಳೆಯರ ಕನ್ನಡದಲ್ಲಿ ಹೇಳುವ ಪರಂಪರೆಯನ್ನು ಕಟ್ಟಿತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ತಂತಮ್ಮ ಊರಿನ ಸಮಸ್ಯೆಯನ್ನೇ ಯೋಜನೆಯಾಗಿ ಎತ್ತಿಕೊಳ್ಳುವಂತೆ ಮಕ್ಕಳನ್ನು ಒತ್ತಾಯಿಸಿತು. ಇನ್ನೂ ಹಿಂದಕ್ಕೆ ಹೋದರೆ, 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದವರಲ್ಲಿ ಹಳ್ಳಿಯ ಯುವಕ ಮಂಡಳಿಯವರು ಮುಂಚೂಣಿಯಲ್ಲಿದ್ದರು. ಪಾಂಡುರಂಗ ಹೆಗಡೆ ಮೊದಲಾದವರ ನಾಯಕತ್ವದ ಆ ಚಳವಳಿ ಪಾದಯಾತ್ರೆ, ಸ್ಲೈಡ್ ಪ್ರದರ್ಶನ, ಯಕ್ಷಗಾನಗಳ ಮೂಲಕ ಮಲೆನಾಡಿನ ಹಳ್ಳಿಗಳನ್ನು ಮುಟ್ಟಿತು. ಯಕ್ಷಗಾನದ ಪ್ರಸಂಗದಲ್ಲಿ ಕಾಡುಕಡಿತದ ಮಾತು ಬಂದಾಗ ಎದುರಿಗೆ ಕೂತಿದ್ದವರು ಆ ಕಾಡಿನ ಸೊಪ್ಪಿನ ಬೆಟ್ಟವನ್ನೂ ನೀರಿನ ಒರತೆಯನ್ನೂ ನೆಚ್ಚಿದ್ದ ಜನರೇ. ವಿಧಾನದ ಶಿಸ್ತಿನಲ್ಲಿ ಯುರೋಪಿನ ಮಾದರಿ ಮೇಲೆನಿಸಿದರೂ, ಕೇಳುಗರು ಯಾರು ಎಂಬ ವಿಷಯದಲ್ಲಿ ಈ ನೆಲದ ಪ್ರಯೋಗಗಳಿಗೆ ಗೊಂದಲವೇ ಇರಲಿಲ್ಲ.

ಬಾನುಲಿಯ ಕಥೆ ಇದಕ್ಕಿಂತ ತುಸು ಜಟಿಲವಾದದ್ದು. ಶಿಕ್ಷಣ ಸಂಸ್ಥೆಗಳಿಗೆ ಸ್ವಂತ ಬಾನುಲಿ ಕೇಂದ್ರ ನಡೆಸಲು ಕೇಂದ್ರ ಸರ್ಕಾರ 2002ರ ಕೊನೆಯಲ್ಲಿ ಅನುಮತಿ ನೀಡಿದ ಮೇಲೆ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರವು 2004ರಲ್ಲಿ ಮೊದಲನೆಯದಾಗಿ ಪ್ರಸಾರ ಆರಂಭಿಸಿತು. 2006ರ ಮಾರ್ಗಸೂಚಿಯು ಸ್ವಯಂಸೇವಾ ಸಂಸ್ಥೆಗಳಿಗೂ ಈ ಬಾಗಿಲನ್ನು ತೆರೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅದಕ್ಕೂ ಮೊದಲೇ, ತರಂಗಗಳ ಮೂಲಕ ಪ್ರಸಾರ ಮಾಡುವ ಪರವಾನಗಿ ಸಿಗದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ ಮನೆಗಳಿಗೆ ಧ್ವನಿ ಮುಟ್ಟಿಸುವ ಉಪಾಯ ಕಂಡುಕೊಂಡಿತ್ತು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ‘ರೇಡಿಯೊ ಆಕ್ಟಿವ್’, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ಸಾರಂಗ್’ ಮುಂತಾದ ಕೇಂದ್ರಗಳು ವಿದ್ಯಾರ್ಥಿಗಳಿಗೆ ಧ್ವನಿಮುದ್ರಣ, ಸಂದರ್ಶನ, ಸಂಕಲನಗಳನ್ನು ಕಲಿಸುವ ಕಾರ್ಯಾಗಾರಗಳಾದವು. ಆದರೆ ಸಮುದಾಯ ಬಾನುಲಿಗಳು ಸ್ವತಂತ್ರವಾಗಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳನ್ನು ಪ್ರಸಾರ ಮಾಡುವಂತಿಲ್ಲ ಎಂಬ ನಿಯಮ ಮಾರ್ಗಸೂಚಿಯಲ್ಲಿಯೇ ಇದೆ. ಹೀಗಾಗಿ ಕೆರೆ ಸಂರಕ್ಷಣೆಯನ್ನು ಕುರಿತ ಸಂವಾದಕ್ಕೆ ಅಡ್ಡಿಯಿಲ್ಲದಿದ್ದರೂ ಇಂಥ ಕೆರೆಗೆ ಇಂಥ ಮೋರಿಯಿಂದ ಕೊಳಚೆ ಬಿಡಲಾಗಿದೆ ಎಂಬ ಮಾತು ಕಾರ್ಯಕ್ರಮವೋ ಸುದ್ದಿಯೋ ಎಂದು ನಿಲಯದವರು ಯೋಚಿಸುವಂತಾಯಿತು. ಎಚ್ಚರಿಕೆಯ ದಾರಿ ಹಿಡಿದರೆ ವಿದ್ಯಾರ್ಥಿಯ ವರದಿ ಮತ್ತೆ ಸದುಪದೇಶವಾಗಿ ಮಾರ್ಪಡುತ್ತದೆ.

ಯುವ ವರದಿಗಾರರ ಕಾರ್ಯಕ್ರಮದ ಒಳಗೂ ಇಂಥ ಬಿಗಿತಗಳಿವೆ. ಮೊದಲನೆಯದು ಸ್ಪರ್ಧೆಯ ಸ್ವರೂಪ. ದೇಶದ ಮಟ್ಟದಲ್ಲಿ ಗೆದ್ದ ಕೃತಿಗಳು ಅಂತರರಾಷ್ಟ್ರೀಯ ತೀರ್ಪುಗಾರರ ಮುಂದೆ ಹೋಗುವ ವ್ಯವಸ್ಥೆಯಿಂದ ಕಾರ್ಯಕ್ರಮಕ್ಕೆ ಹುರುಪು ಬಂದಿದೆ. ವರದಿಯನ್ನು ಸ್ಥಳೀಯವಾಗಿ ಎಲ್ಲಿ ಪ್ರಕಟಿಸಲಾಯಿತು ಎಂಬುದನ್ನು ತಿಳಿಸಬೇಕೆಂಬ ನಿಯಮವೂ ಇದೆ. ಆದರೂ ಬಹುಮಾನ ಎದುರಿಗಿದ್ದಾಗ ತೀರ್ಪುಗಾರರೇ ಮುಖ್ಯ ಓದುಗರಾಗಿಬಿಡುತ್ತಾರೆ, ಶಾಲೆಯ ಸೂಚನಾಫಲಕದಲ್ಲಿ ಒಂದು ಪ್ರತಿ ಅಂಟಿಸಿ ನಾಲ್ಕನೆಯ ಹಂತ ಮುಗಿಯಿತೆಂದು ಗುರುತು ಹಾಕಿಕೊಳ್ಳುವುದು ಸುಲಭವಾಗುತ್ತದೆ. ಎರಡನೆಯದು ಭಾಷೆ. ಅಂತರರಾಷ್ಟ್ರೀಯ ಸುತ್ತಿಗೆ ಲೇಖನದ ಇಂಗ್ಲಿಷ್ ಅನುವಾದವೋ ವಿಡಿಯೊಗೆ ಇಂಗ್ಲಿಷ್ ಅಡಿಬರಹವೋ ಬೇಕಾಗುವುದರಿಂದ, ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ನಗರದ ಖಾಸಗಿ ಶಾಲೆಗಳವರಿಗಿಂತ ಒಂದು ಹೆಜ್ಜೆ ಹಿಂದಿನಿಂದಲೇ ಹೊರಡಬೇಕಾಗುತ್ತದೆ. ವಿಚಿತ್ರವೆಂದರೆ ವರದಿಗೆ ಯೋಗ್ಯವಾದ ಸಂಗತಿಗಳು – ಬತ್ತಿದ ಕೊಳವೆಬಾವಿ, ಮರಳು ತೆಗೆದ ಹಳ್ಳ, ಊರಾಚೆ ಉರಿಯುವ ಕಸದ ರಾಶಿ – ಹೆಚ್ಚಾಗಿ ಕಣ್ಣಿಗೆ ಬೀಳುವುದು ಈ ಮಕ್ಕಳಿಗೇ. ಮೂರನೆಯದು ಹಣದ ಮೂಲ. 2011ರಲ್ಲಿ ಆರಂಭವಾದ ಕಸ ತಗ್ಗಿಸುವ ಅಭಿಯಾನವೊಂದು ಚೂಯಿಂಗ್ ಗಮ್ ತಯಾರಿಸುವ ರಿಗ್ಲಿ ಕಂಪನಿಯ ಪ್ರತಿಷ್ಠಾನದ ನೆರವಿನಿಂದ ಹಲವು ದೇಶಗಳಲ್ಲಿ ನಡೆಯಿತು. ಅದರಿಂದ ಸಾವಿರಾರು ವಿದ್ಯಾರ್ಥಿಗಳು ಕಸದ ಬಗ್ಗೆ ಬರೆಯುವಂತಾದದ್ದು ನಿಜವೇ ಆದರೂ, ಕಸವನ್ನು ಎಸೆಯುವವನ ತಪ್ಪೆಂದು ಮಾತ್ರ ನೋಡಬೇಕೋ ತಯಾರಿಸಿ ಮಾರುವವನ ಹೊಣೆಯನ್ನೂ ಕೇಳಬೇಕೋ ಎಂಬ ಪ್ರಶ್ನೆ ಅಲ್ಲಿ ಉಳಿದೇ ಇದೆ. ಪರಿಹಾರ ಹುಡುಕಬೇಕೆಂಬ ಎರಡನೆಯ ಹಂತವೂ ಇದೇ ಕಡೆಗೆ ಜಾರುವುದುಂಟು. ಬಟ್ಟೆಯ ಚೀಲ, ನೀರಿನ ಮಿತಬಳಕೆಗಳಂಥ ಮನೆಮಟ್ಟದ ಪರಿಹಾರಗಳು ಮಕ್ಕಳ ಕೈಗೆಟುಕುವಂಥವಾದ್ದರಿಂದ ಆಡಳಿತ ಮಾಡಬೇಕಾದ ಕೆಲಸ ವರದಿಯ ಕೊನೆಯ ಸಾಲಿಗೆ ಸರಿಯುತ್ತದೆ.

ತಂತ್ರಜ್ಞಾನ ಬದಲಾದದ್ದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1994ರಲ್ಲಿ ವಿಡಿಯೊ ಕ್ಯಾಮೆರಾ ಶಾಲೆಯ ಆಸ್ತಿಪಟ್ಟಿಯಲ್ಲಿ ಬರೆಯಬೇಕಾದ ದುಬಾರಿ ವಸ್ತುವಾಗಿತ್ತು. ಇಂದು ಪಾಲಕರ ಮೊಬೈಲಿನಲ್ಲಿಯೇ ಚಿತ್ರೀಕರಣವೂ ಸಂಕಲನವೂ ನಡೆಯುತ್ತವೆ. ತಯಾರಿಸುವ ವೆಚ್ಚ ಇಳಿದಂತೆ ಪರಿಶೀಲನೆಯ ಹೊರೆ ಏರಿದೆ: ಬೇರೆ ಊರಿನ, ಬೇರೆ ವರ್ಷದ ಚಿತ್ರವನ್ನು ತಮ್ಮ ಊರಿನದೆಂದು ಬಳಸದಿರುವುದು, ಮಾತನಾಡಿದವರ ಒಪ್ಪಿಗೆ ಪಡೆಯುವುದು, ಅಂಕಿಅಂಶದ ಮೂಲವನ್ನು ಸೂಚಿಸುವುದು ಇವು ಕಲಿಸಲೇಬೇಕಾದ ಪಾಠಗಳಾಗಿವೆ. ಮಾರ್ಗದರ್ಶಿ ಶಿಕ್ಷಕರ ಪಾತ್ರ ಇಲ್ಲಿ ದೊಡ್ಡದು. ಕಾರ್ಖಾನೆಯ ಹೊಗೆಯ ಬಗ್ಗೆ ಬರೆಯಹೊರಟ ವಿದ್ಯಾರ್ಥಿಯ ತಂದೆ ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿರಬಹುದು. ಅಂಥ ಸಂದರ್ಭದಲ್ಲಿ ವಿಷಯವನ್ನೇ ಕೈಬಿಡುವುದಕ್ಕೂ ದಾಖಲೆಗಳನ್ನು ಮಾತ್ರ ಆಧರಿಸಿ ಬರೆಯುವುದಕ್ಕೂ ಇರುವ ಅಂತರವನ್ನು ತೋರಿಸಿಕೊಡುವವರು ಶಿಕ್ಷಕರೇ.

ತಲುಪಿಸುವಿಕೆಯ ಸಮಸ್ಯೆಗೆ ಕರ್ನಾಟಕದಲ್ಲಿ ಒಂದು ವಿಶೇಷ ಅನುಕೂಲವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳು ಪ್ರತಿವರ್ಷ ನವೆಂಬರ್ ತಿಂಗಳ ಆಸುಪಾಸಿನಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆ ಇಲ್ಲಿ ಬಹುಕಾಲದಿಂದ ಇದ್ದು, ಆ ಸಭೆಯಲ್ಲಿ ಪಂಚಾಯಿತಿಯ ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಯೂ ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಶೌಚಾಲಯ, ಆಟದ ಮೈದಾನ, ಶಾಲೆಯ ದಾರಿ, ಕುಡಿಯುವ ನೀರು ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ವಿಷಯಗಳು. ಊರಿನ ಕೆರೆಯ ಬಗ್ಗೆ ಇಕೋ ಕ್ಲಬ್ಬಿನ ಮಕ್ಕಳು ಸಿದ್ಧಪಡಿಸಿದ ವರದಿ, ಅದಕ್ಕೆ ಅಂಟಿಸಿದ ನಾಲ್ಕು ಚಿತ್ರಗಳು, ನೀರಿನ ಪರೀಕ್ಷೆಯ ಫಲಿತಾಂಶದ ಒಂದು ಹಾಳೆ ಅದೇ ಸಭೆಯ ನಡಾವಳಿಯಲ್ಲಿ ಸೇರಲು ನಿಯಮದ ಅಡ್ಡಿಯೇನೂ ಇಲ್ಲ. ಆದರೆ ಗ್ರಾಮಸಭೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ಎರಡರ ಸುತ್ತೋಲೆಗಳೂ ಬೇರೆಬೇರೆ ಹೊರಡುತ್ತವೆ, ಬೇರೆಬೇರೆ ಕಡತಗಳಲ್ಲಿ ಸೇರುತ್ತವೆ. ಇವೆರಡನ್ನೂ ಜೋಡಿಸುವ ಕೆಲಸ ಸದ್ಯಕ್ಕೆ ಉಳಿದಿರುವುದು ವಿಜ್ಞಾನದ ಪಾಠ, ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸಗಳ ನಡುವೆ ಇಕೋ ಕ್ಲಬ್ಬನ್ನೂ ನೋಡಿಕೊಳ್ಳುವ ಒಬ್ಬ ಶಿಕ್ಷಕರ ಪಾಲಿಗೆ.